ತಳವಿಲ್ಲದ ಬುಟ್ಟಿ

ಎಂಬತ್ತರ ದಶಕದ ಶುರುವಿನಲ್ಲಿ ಬಿಳಿಗೆರೆಯ ಒಂದು ತೋಟಕ್ಕೆ ಪಂಪ್‌ಸೆಟ್ ರಿಪೇರಿಗೆ ಹೋಗಿದ್ದೆ. ಕರೆಂಟು ಇರಲಿಲ್ಲ. ಬರೋವರೆಗೆ ಮನೆಯೊಳಗೆ ಕೂತೆ. ಮನೆಯ ಯಜಮಾನ ಬಾಗಿಲು ದಾಟಲು ಅರ್ಧ ಬಗ್ಗಬೇಕಾದಷ್ಟು ಎತ್ತರದ ಆಸಾಮಿ. ಕೊಬ್ಬರಿಗೆ ಬಿಡುವ ಕಾಯಿಗಳನ್ನು ಸಿಪ್ಪೆ ಸಮೇತ ನೆಲದಿಂದಲೇ ಅಟ್ಟಕ್ಕೆ ಎಸೆಯುತ್ತಿದ್ದರು. ಮಣಿಕಟ್ಟು ಒಂದಿಷ್ಟು ಮಡಿಸಿದರೆ ಸಾಕು, ಕಾಯಿ ಸದ್ದಿಲ್ಲದೆ ರಾಶಿಯ ಮೇಲೆ ಹೋಗಿ ಕೂರುತ್ತಿತ್ತು. ಅವರ ತಾಯಿ ಅಟ್ಟದಲ್ಲಿ ಕೂತು ಜೋಡಿಸುತ್ತಿದ್ದರು.

"ಎಲ್ಲಿ ಕಲಿತ್ರಿ ಇದನ್ನ?" ಅಂದೆ.

"ಬೆಂಗಳೂರಲ್ಲಿ. ಒಂದು ಫ್ಯಾಕ್ಟರಿಯವರು ಬ್ಯಾಸ್ಕೆಟ್‌ಬಾಲ್ ಆಡೋಕೇ ಅಂತ ಸಂಬಳ ಕೊಟ್ಟು ಇಟ್ಕೊಂಡಿದ್ರು. ಮಂಡಿ ಹೋದ್ಮೇಲೆ ಒಂದು ಕುರ್ಚಿ ಕೊಟ್ರು. ಸಂಬಳ ನಿಲ್ಲಿಸ್ಲಿಲ್ಲ, ಕೆಲ್ಸಾನೂ ಹೇಳ್ಲಿಲ್ಲ. ಕೂತು ಕೂತು ಸಾಕಾಗಿ ಬಂದ್ಬುಟ್ಟೆ ಕಣ್ರೀ."

ಸುಮ್ಮನಿರಬಹುದಿತ್ತು. "ಆಟ ಬಿಟ್ಟಿದ್ದಕ್ಕೆ ಬೇಜಾರಿಲ್ವಾ?" ಅಂತ ಕೇಳಿಬಿಟ್ಟೆ. ಅವರು ಕೈಯಲ್ಲಿದ್ದ ಕಾಯಿಯನ್ನು ತಿರುಗಿಸುತ್ತಾ ನಿಂತರು, ಎಸೆಯಲಿಲ್ಲ.

ಉತ್ತರ ಅಟ್ಟದಿಂದ ಬಂತು. "ಅಲ್ಲಿ ಬುಟ್ಟಿಗೆ ತಳಾನೇ ಇರ್ಲಿಲ್ವಂತೆ ಕಣಪ್ಪ. ಎಷ್ಟು ಹಾಕುದ್ರೂ ಕೆಳಕ್ಕೇ ಬೀಳ್ತಿತ್ತಂತೆ. ಇಲ್ಲಿ ಹಾಕಿದ್ದು ಮೇಲೇ ನಿಲ್ತದೆ. ವರ್ಷ ಕಳೆದ್ರೆ ಕೊಬ್ಬರಿ ಆಯ್ತದೆ."

ಮಗ ಆ ಕಾಯಿಯನ್ನು ನನ್ನ ಕೈಗಿಟ್ಟು, "ನೀವೊಂದು ಹಾಕಿ" ಅಂದರು. ಹಾಕಿದೆ. ಅದು ಅಟ್ಟ ದಾಟಿ ಹೋಗಿ ಸೂರಿನ ಹೆಂಚು ಒಡೆಯಿತು. ತಾಯಿ ಬಿಸಿಲು ಬಿದ್ದ ಕಡೆ ನೋಡಿ, "ನಿಂಗೆ ಯಾರೂ ಸಂಬಳ ಕೊಡಕಿಲ್ಲ ಬುಡು" ಅಂದರು.

ಮಗ ಆಗ ನಕ್ಕರು. ಪಂಪು ರಿಪೇರಿಗೆ ಹೋದವನು ಮೊದಲು ಹೆಂಚು ಹೊದಿಸಿದೆ. ಏಣಿ ಹಿಡಿದುಕೊಂಡವರು ಅವರೇ.