ಬೂದಿ ನೆಲದ ಬೇಲಿ

೨೦೧೬ರಲ್ಲಿ ನಾನು ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿ, ವಿದ್ಯುತ್ ಬೇಲಿ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಟೆಕ್ನಿಕಲ್ ಸಪೋರ್ಟ್ ಇಂಜಿನಿಯರ್ ಆಗಿದ್ದೆ. ಮೈಸೂರಿನಿಂದ ಓದಲು ಬಂದವನು ಇಲ್ಲೇ ಉಳಿದುಕೊಂಡಿದ್ದೆ. ಕೆಲಸ ಘನವಾದದ್ದೇನಲ್ಲ. ಬೇಲಿ ಶಾಕ್ ಹೊಡೆಯುತ್ತಿಲ್ಲವೆಂದು ರೈತರು ಫೋನ್ ಮಾಡಿ ಬೈಯುತ್ತಿದ್ದರು. ತಂತಿಗೆ ಹುಲ್ಲು ತಾಗಿದೆಯೇ ನೋಡಿ ಎಂದು ನಾನು ಹೇಳುತ್ತಿದ್ದೆ. ಬಹಳಷ್ಟು ಸಲ ವಿಷಯ ಅಷ್ಟೇ ಇರುತ್ತಿತ್ತು.

ಆ ವರ್ಷ ಒಂದು ಕರೆ ಕೀನ್ಯಾದಿಂದ ಬಂತು. ಮಾತಾಡಿದವರು ಅಲ್ಲಿನ ವನ್ಯಧಾಮವೊಂದರ ರೇಂಜರ್ ಮುಟುವಾ. ಅವರ ಕಾಡಿನಲ್ಲಿ ಜ್ವಾಲಾಮುಖಿ ಬೆಟ್ಟಗಳಿವೆ. ಬೆಟ್ಟದ ಮೇಲೆ ಬಿದ್ದ ಮಳೆ ಹೊಳೆಯಾಗಿ ಹರಿಯದೆ ಬೂದಿಮಣ್ಣಿನಲ್ಲಿ ಇಂಗಿ, ಬುಡದಲ್ಲಿ ಒರತೆಯಾಗಿ ಎದ್ದು ಜೌಗು ಕಟ್ಟುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಸುತ್ತಮುತ್ತ ಇರುವ ನೀರು ಅದೊಂದೇ. ಜೌಗಿನ ಅಂಚಿಗೆ ಹಳ್ಳಿಯವರ ಮೆಕ್ಕೆಜೋಳದ ಹೊಲಗಳು. ಹೊಲಕ್ಕೂ ಬೆಟ್ಟಕ್ಕೂ ನಡುವೆ ನಮ್ಮ ಕಂಪನಿಯ ಬೇಲಿ.

ಮರಿಯಿದ್ದ ಹೆಣ್ಣಾನೆಯೊಂದು ಆ ಬೇಲಿಯನ್ನು ಮುರಿದು ಬಂದಿತ್ತು. ಹೊಲ ಕಾಯುತ್ತಿದ್ದ ರೈತ ಅಡ್ಡ ನಿಂತು ಓಡಿಸಲು ಹೋಗಿ ಪ್ರಾಣ ಕಳೆದುಕೊಂಡಿದ್ದ. ಇನ್ನೊಮ್ಮೆ ಬಂದರೆ ಆನೆಯನ್ನು ಕೊಲ್ಲಬೇಕೆಂದು ಆದೇಶವಾಗಿತ್ತು. ಗುಂಡು ಹಾರಿಸಬೇಕಾದವರು ಮುಟುವಾ. ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತಿದ್ದರೂ ಆನೆಗೆ ಏನೂ ಆಗುತ್ತಿಲ್ಲ, ಯಾಕೆ ಎಂದು ಕೇಳಿದರು. ಆ ದನಿಯ ದಣಿವು ಕೇಳಿ ನನಗೆ ಸಂಕಟವಾಯಿತು.

ಅವರು ಕಳಿಸಿದ ಫೋಟೋಗಳಲ್ಲಿ ನೆಲ ನೋಡಿದೊಡನೆ ಕಾರಣ ತಿಳಿಯಿತು. ವಿದ್ಯುತ್ತು ತಂತಿಯಿಂದ ಪ್ರಾಣಿಯ ಮೈಗೆ, ಕಾಲಿನಿಂದ ನೆಲಕ್ಕೆ ಇಳಿದು ಯಂತ್ರಕ್ಕೆ ಮರಳಿದರೆ ಮಾತ್ರ ಶಾಕ್. ನ್ಯೂಜಿಲೆಂಡಿನ ಹುಲ್ಲುಗಾವಲು ಹೆಚ್ಚಾಗಿ ಒದ್ದೆ, ಹಾಗಾಗಿ ಇಲ್ಲಿ ನೆಲದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಒಣ ಬೂದಿಯಲ್ಲಿ ವಿದ್ಯುತ್ತು ಹರಿಯದು. ಪರಿಹಾರ ಸುಲಭವಿತ್ತು. ಕರೆಂಟಿನ ತಂತಿಗಳ ನಡುವೆ, ವಿದ್ಯುತ್ತು ಯಂತ್ರಕ್ಕೆ ಮರಳಲು ಅರ್ತ್ ತಂತಿ ಎಳೆದರೆ, ಎರಡನ್ನೂ ಒಟ್ಟಿಗೆ ಮುಟ್ಟಿದ ಆನೆಗೆ ನೆಲದ ಹಂಗಿಲ್ಲದೆ ಹೊಡೆತ ಬೀಳುತ್ತದೆ.

ಸಂಜೆ ಊಟದ ಹೊತ್ತಿಗೆ ಇದನ್ನೆಲ್ಲ ಹೆಂಡತಿ ಶೈಲಜಾಗೆ ಜಂಬದಿಂದ ವಿವರಿಸಿದೆ. ಅವಳು ಆಸ್ಪತ್ರೆಯಲ್ಲಿ ನರ್ಸ್, ನನ್ನ ಜಂಬಕ್ಕೆ ಸೊಪ್ಪು ಹಾಕುವವಳಲ್ಲ.

"ಅಲ್ರೀ, ಬೇಲಿ ಗಟ್ಟಿ ಆದ್ಮೇಲೆ ಆ ಆನೆ ನೀರು ಎಲ್ಲಿ ಕುಡಿಯತ್ತೆ?"

"ಅದೆಲ್ಲ ರೇಂಜರ್ ನೋಡ್ಕೋತಾರೆ ಬಿಡು."

"ಮರಿ ಬೇರೆ ಇದೆ ಅಂದ್ರಿ," ಎಂದಳು. ಆಮೇಲೆ ನನಗೆ ಊಟ ಸೇರಲಿಲ್ಲ.

ಮರುದಿನ ನಕ್ಷೆ ತೆಗೆದು ನೋಡಿದೆ. ಜೌಗಿನ ಉಳಿದ ದಿಕ್ಕುಗಳಲ್ಲೆಲ್ಲ ಆನೆ ಕಾಲಿಡಲಾಗದ ಚೂಪು ಲಾವಾ ಬಂಡೆಗಳು. ಇದ್ದ ಒಂದೇ ದಾರಿಗೆ ಬೇಲಿ ಅಡ್ಡ ಬಂದಿತ್ತು. ಮುಟುವಾಗೆ ಫೋನ್ ಮಾಡಿ, ಹೊಲಗಳ ನಡುವೆ ಜೌಗಿನವರೆಗೆ ಒಂದು ಓಣಿ ಬಿಟ್ಟು, ಅದರ ಎರಡೂ ಬದಿಗೆ ಹೊಸ ರೀತಿಯ ಬೇಲಿ ಹಾಕೋಣವೆಂದೆ. ಆನೆಗಳ ಹಳೆಯ ದಾರಿ ಹೋಗುವುದು ಆ ಸತ್ತ ರೈತನ ಹೊಲದ ಮೇಲೆಯೇ ಎಂದರು. ಅವನ ಹೆಂಡತಿಯನ್ನು ಯಾವ ಬಾಯಲ್ಲಿ ಕೇಳುವುದು ಎಂದು ಹಿಂಜರಿದರು. ಕೇಳಿ ಎನ್ನುವ ಧೈರ್ಯ ನನಗೂ ಇರಲಿಲ್ಲ.

ಆದರೂ ಅವರು ಹೋಗಿ ಕೇಳಿದ್ದರು. ಕೆಲವು ದಿನಗಳ ನಂತರ ಕರೆ ಮಾಡಿ ಆಕೆಯ ಉತ್ತರ ತಿಳಿಸಿದರು.

"ಆನೆಗೆ ದಾರಿ ಇದ್ದಿದ್ದರೆ ನನ್ನ ಗಂಡ ಅಡ್ಡ ನಿಲ್ಲಬೇಕಾಗಿಯೇ ಇರಲಿಲ್ಲ. ಓಣಿ ಬಿಡಿ."

ಆಫೀಸಿನಲ್ಲಿ ಎಲ್ಲರೂ ಇದ್ದರು. ನಾನು ಅತ್ತುಬಿಟ್ಟೆ.

ಹೋದ ಜಾಗಕ್ಕೆ ಬದಲಾಗಿ ಹಳ್ಳಿಯವರು ಆಕೆಗೆ ಬೇರೆ ಹೊಲ ಕೊಟ್ಟರು. ಬೇಲಿ ಎದ್ದಿತು. ಆನೆ ಮರಿಯೊಂದಿಗೆ ಓಣಿಯಲ್ಲಿ ಇಳಿದು, ನೀರು ಕುಡಿದು, ಬಂದ ಹಾಗೆಯೇ ಬೆಟ್ಟ ಹತ್ತಿತಂತೆ. ಮುಟುವಾ ಬಂದೂಕು ಎತ್ತಬೇಕಾಗಲಿಲ್ಲ. ಆ ರೈತನ ಹೆಂಡತಿ ಮಾತ್ರ ನೋಡಲು ಮನೆಯಿಂದ ಹೊರಗೆ ಬರಲಿಲ್ಲವಂತೆ.

ಈಗಲೂ ಯಾರಾದರೂ ಬೇಲಿ ಬೇಕೆಂದರೆ, ಬೇಲಿಯಾಚೆ ಇರುವವರಿಗೆ ನೀರು ಎಲ್ಲಿದೆ ಎಂದು ಮೊದಲು ಕೇಳುತ್ತೇನೆ. ಆ ಪ್ರಶ್ನೆಯನ್ನು ಮೊದಲೇ ಯಾರಾದರೂ ಕೇಳಿದ್ದರೆ ಒಬ್ಬ ಮನುಷ್ಯ ಬದುಕಿರುತ್ತಿದ್ದ.