ಗಮನ ಎಲ್ಲಿತ್ತಮ್ಮಾ?

ಅಕ್ಕನ ಬಲ ಅಂಗೈಯ ಬುಡ ಎಷ್ಟು ಉಜ್ಜಿದರೂ ಕಪ್ಪಗೇ ಇರುತ್ತಿತ್ತು. ತಗಡು ಒತ್ತಿ ಕತ್ತರಿಸುವ ಪ್ರೆಸ್ ಮೆಷಿನ್ನಿನ ಗ್ರೀಸು. ಅದೇ ಬುಡವನ್ನು ಗಿಟಾರಿನ ತಂತಿಗಳ ಮೇಲೆ ಒತ್ತಿಟ್ಟು ಬಾರಿಸಿದರೆ, ಯಾರೋ ಹಲ್ಲು ಕಚ್ಚಿಕೊಂಡು ಮಾತಾಡಿದಂತೆ ಸದ್ದು ಬರುತ್ತಿತ್ತು.

ಬಾಗಲಕೋಟೆ ಕಡೆಯವಳು. ಚಿಕ್ಕಬಾಣಾವರದ ವಠಾರದಲ್ಲಿ ನಮ್ಮ ಪಕ್ಕದ ಕೋಣೆ. ಮೆಟ್ರೊ ಇನ್ನೂ ಬಾರದ ಪೀಣ್ಯದಲ್ಲಿ ಇಬ್ಬರದೂ ಒಂದೇ ಕಾರ್ಖಾನೆ. ಅವಳು ಪ್ರೆಸ್ಸಿನಲ್ಲಿ, ನಾನು ಪ್ಯಾಕಿಂಗಿನಲ್ಲಿ. ಅವಳ ಕೋಣೆಯಲ್ಲಿ ಹಿಂದೆ ಇದ್ದ ಕಾಲೇಜು ಹುಡುಗ ಒಂದು ಗಿಟಾರು, ಸಿಟ್ಟಿನಲ್ಲಿ ಕಿರುಚಿ ಹಾಡುವ ಒಂದಷ್ಟು ಪಂಕ್ ಹಾಡಿನ ಸಿ.ಡಿ. ಬಿಟ್ಟುಹೋಗಿದ್ದ. ಕೇಳಿ ಕೇಳಿಯೇ ಕಲಿತಳು. ಭಾನುವಾರ ನನಗೆ ಪಾಠ.

"ಎರಡು ಬೆರಳು ಸಾಕಲೇ ತಮ್ಮಾ. ಬರೇ ಕೆಳಗ ಹೊಡಿ. ಕೈ ಮ್ಯಾಲ ಬರೂವಾಗ ತಂತಿ ಮುಟ್ಟಬ್ಯಾಡ, ಬೇಡ್ಕೊಂಡಂಗ ಕೇಳಸ್ತೈತಿ."

ಲೋಕವೆಲ್ಲ ಮೋಸ ಎಂದು ನಾನೊಂದು ಹಾಡು ಕಟ್ಟಿ ಒಪ್ಪಿಸಿದೆ. ಬಿದ್ದು ಬಿದ್ದು ನಕ್ಕಳು.

"ಲೋಕ ನಿನಗೇನ್ ಮಾಡೈತೋ? ಯಾರ ಮ್ಯಾಲ ಸಿಟ್ಟು, ಅಂವ ಏನಂದ, ಅದನ್ನ ಬರಿ."

ಸಿಟ್ಟಿಗೇನು ಬರವೇ? ಮಾಲು ಬೇಗ ಆಗಲೆಂದು ಮ್ಯಾನೇಜರು ಪ್ರೆಸ್ಸಿನೊಳಗೆ ಕೈ ಹೋಗದಂತೆ ತಡೆಯುವ ಜಾಲರಿಯನ್ನೇ ಬಿಚ್ಚಿಸಿದ್ದ. ಒಂದು ಮಧ್ಯಾಹ್ನ ಅಕ್ಕನ ಪಕ್ಕದ ಮೆಷಿನ್ನಿನ ಹುಡುಗಿಯ ಎರಡು ಬೆರಳು ಹೋದವು. ರಕ್ತ ನಿಲ್ಲುವ ಮೊದಲೇ, ಹೆಂಗಸರು ಮೆಷಿನ್ನಿನಡಿ ಬೆರಳು ಹುಡುಕುತ್ತಿರುವಾಗಲೇ, ಆ ಮಹಾನುಭಾವ ಕೇಳಿದ್ದು ಇಷ್ಟು: "ಗಮನ ಎಲ್ಲಿತ್ತಮ್ಮಾ?" ಬಾಯಿಗೆ ಹುಳ ಬೀಳ ಎಂದು ನಮ್ಮಜ್ಜಿ ಶಪಿಸುತ್ತಿದ್ದುದು ಇಂಥವರನ್ನೇ ಇರಬೇಕು.

ಆಯುಧಪೂಜೆ ಬಂತು. ಮೆಷಿನ್ನುಗಳಿಗೆ ಕುಂಕುಮ, ಹೂವು. "ಯಾವ್ದಾದ್ರೂ ಸಿನಿಮಾ ಹಾಡು ಹೇಳಮ್ಮಾ" ಎಂದು ಮ್ಯಾನೇಜರೇ ಅಕ್ಕನನ್ನು ಮೈಕಿನ ಮುಂದೆ ಕರೆದ. ಅಕ್ಕ ಗಿಟಾರು ಎತ್ತಿಕೊಂಡಳು.

ಜಾಲರಿ ಬಿಚ್ಚೂವಾಗ ಗಮನ ಎಲ್ಲಿತ್ತಮ್ಮಾ?
ಬೆರಳು ಹುಡುಕೂವಾಗ ಗಮನ ಎಲ್ಲಿತ್ತಮ್ಮಾ?

ಎರಡನೇ ಸಲಕ್ಕೆ ಹೆಂಗಸರೆಲ್ಲ ದನಿಗೂಡಿಸಿದರು. ಮ್ಯಾನೇಜರು ಕರೆಂಟು ತೆಗೆಸಿದ. ಹೆಂಗಸರು ಖಾಲಿ ಟ್ರೇ ಬಡಿದು ಹಾಡಿದರು.

ರಜೆ ಮುಗಿಯುವಷ್ಟರಲ್ಲಿ ಜಾಲರಿ ವಾಪಸ್ಸು ಬಂದಿತ್ತು. ಅಕ್ಕನನ್ನು ಮಾತ್ರ ಗೇಟಿನಲ್ಲೇ ತಡೆದರು. ಸುದ್ದಿ ಗೇಟಿನಿಂದ ಗೇಟಿಗೆ ಹೋಗಿ, ಪೀಣ್ಯದ ಯಾವ ಶೆಡ್ಡೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಕಟ್ಟಡದ ಕೆಲಸಕ್ಕೆ ಕಲ್ಲು ಹೊತ್ತಳು. ಕೊನೆಗೆ ಕಾಮಾಲೆ ಅವಳನ್ನು ಕೊಂಡೊಯ್ದಿತು.

ವಠಾರದ ಕೋಣೆಯಲ್ಲಿ ಮಲಗಿಸಿದ್ದ ಅವಳ ಹೆಣದ ಮುಂದೆ ಮ್ಯಾನೇಜರು ಹಾರ ಹಿಡಿದು ಬಂದ.

"ಎಂಥಾ ಕೆಲಸಗಾರ್ತಿ ಕಣ್ರೀ! ಇಂಥೋರನ್ನ ಕಳ್ಕೊಂಡ್ಬಿಟ್ವಲ್ಲ!"

ಯಾರ ಮೇಲೆ ಸಿಟ್ಟು, ಅವನೇನಂದ. ಪಾಠ ನೆನಪಿತ್ತು.

"ಗಮನ ಎಲ್ಲಿತ್ತು ಸಾರ್?" ಎಂದೆ.

ಆ ಪಕ್ಕದ ಮೆಷಿನ್ನಿನ ಹುಡುಗಿ ಎದ್ದುಬಂದು, ಮೂರು ಬೆರಳಿನ ಕೈಯಲ್ಲಿ ಹಾರ ಇಸಕೊಂಡು, ಹೊಸ್ತಿಲಾಚೆ ಅವನ ಚಪ್ಪಲಿಗಳ ಮೇಲೆ ಇಟ್ಟು ಬಂದಳು.