ನೀರಿನ ಮೇಲೆ ತೇಲಿದ ಪುಡಿ

ಆಗುವುದಿಲ್ಲವೆಂದು ಮೊದಲು ಹೇಳಿದವನು ಹಮಾಲರ ಮುಕಾದಮ. "ಚೀಲ ಹೊರಾವನ ಮಗಳು ಲ್ಯಾಬಿನಾಗ ಕುಂದರ್ತಾಳಾ? ಝಾಡೂ ಹೊಡಿಲಿಕ್ಕ ಕಳಸು, ಈಗೇ ಕೆಲಸಕ್ಕ ಹಚ್ಗೋತೀನಿ," ಎಂದು ಅಪ್ಪನ ಮುಂದೆ ನಕ್ಕಿದ್ದ. ನಾನು ಬಿ.ಎಸ್ಸಿ. ಮುಗಿಸಿ, ಶಹಾಬಾದಿನ ಹೊರಗೆ ಅಪ್ಪ ಚೀಲ ಹೊರುತ್ತಿದ್ದ ಅದೇ ಪುಡಿ ಕಾರ್ಖಾನೆಯ ಲ್ಯಾಬಿನಲ್ಲಿ ಕುಳಿತೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ.

ಕಾರ್ಖಾನೆಯ ಬಿಳಿ ಖನಿಜದ ಪುಡಿ ವೈರಿನ ಮೇಲಿನ ಪ್ಲಾಸ್ಟಿಕ್ಕಿಗೆ ಹೋಗುತ್ತದೆ. ಬೆಂಕಿ ಹತ್ತಿದರೆ ಪುಡಿಯೊಳಗಿನ ನೀರು ಆವಿಯಾಗಿ ಉರಿಯನ್ನು ತಡೆಯುತ್ತದೆ. ಹಾಗೇ ಹಾಕಿದರೆ ಪುಡಿ ಗಂಟುಕಟ್ಟಿ ಪ್ಲಾಸ್ಟಿಕ್ ಬಿರಿಯುತ್ತದೆ. ಅದಕ್ಕೇ ಬಿಸಿ ಮಿಕ್ಸರಿನಲ್ಲಿ ಪ್ರತಿ ಕಣಕ್ಕೂ ಮೇಣದಂಥ ಸ್ಟಿಯರಿಕ್ ಆಸಿಡ್ ಸವರಬೇಕು. ಪುಡಿ ಬೆರೆಸಿದ ಪ್ಲಾಸ್ಟಿಕ್ ಬಗ್ಗಿಸಿದರೆ ಮುರಿಯುತ್ತದೆಂದು ವೈರಿನ ಕಂಪನಿ ನಮ್ಮ ಮಾದರಿಯನ್ನು ಎರಡು ಸಲ ತಿರುಗಿ ಕಳಿಸಿತ್ತು. ಮೂರನೆಯದೂ ಹೋದರೆ ಮಿಕ್ಸರಿನ ವಿಭಾಗ ಮುಚ್ಚಿ ಅಲ್ಲಿನ ಹಮಾಲರನ್ನು ಕೆಲಸದಿಂದ ಬಿಡಿಸುವುದೆಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು. ಅಪ್ಪ ಆ ವಿಭಾಗದಲ್ಲೇ ಇದ್ದ.

ಮೂರನೆಯ ಮಾದರಿಗೆ ನಾನು ಮೇಣ ಹೆಚ್ಚಿಸಿದೆ. ಚಿಟಿಕೆ ಪುಡಿಯನ್ನು ಗ್ಲಾಸಿನ ನೀರಿಗೆ ಉದುರಿಸಿದರೆ ಒಂದು ಕಣವೂ ಮುಳುಗಲಿಲ್ಲ. ಮೇಣ ಸರಿಯಾಗಿ ಕೂತಿದೆ ಎನ್ನಲು ಅದೇ ಗುರುತು. ಅಪ್ಪ ಹಮಾಲರನ್ನೆಲ್ಲ ಕರೆದು ತೋರಿಸಿದ. "ನೋಡ್ರೋ, ನಮ್ಮವ್ವ ಕಲ್ಲು ತೇಲಿಸ್ಯಾಳ!"

"ಇನ್ನ ನಿನಗೂ ತೇಲಸ್ತಾಳ ತಗೋ ಕಾಕಾ," ಎಂದ ಒಬ್ಬ.

ಆ ಪುಡಿ ಬೆರೆಸಿ ಮಾಡಿದ ಪ್ಲಾಸ್ಟಿಕ್ ಪಟ್ಟಿ ಬೆರಳಿಗೆ ಸುತ್ತಿದರೂ ಮುರಿಯಲಿಲ್ಲ. ನೇತುಹಾಕಿ ಬೆಂಕಿ ತಾಗಿಸಿ, ಜ್ವಾಲೆ ಸರಿಸಿದೆ. ತಾನಾಗಿ ಆರಬೇಕಿತ್ತು, ಆರಲಿಲ್ಲ. ಉರಿಯುವ ಹನಿ ಬಿದ್ದು ಕೆಳಗಿಟ್ಟ ಹತ್ತಿ ಹೊತ್ತಿಕೊಂಡಿತು. ಇನ್ನೆರಡು ಪಟ್ಟಿ, ಅವೂ ಹಾಗೇ. ಮೇಣ ಹೆಚ್ಚಾದರೆ ಅದೇ ಉರಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ, ಗ್ಲಾಸು ನೋಡಿ ಮರೆತಿದ್ದೆ. ತಪ್ಪು ನನ್ನದು, ಹೋಗುವುದು ಅಪ್ಪನ ಕೆಲಸ.

ಅವತ್ತೇ ಕೊನೆಯ ದಿನ. ಮಾದರಿ ಒಯ್ಯಲು ಕಂಪನಿಯ ವ್ಯಾನ್ ಬಂದು ನಿಂತಿತ್ತು. "ಸರ್ಟಿಫಿಕೇಟಿನಾಗ ಪಾಸ್ ಅಂತ ಬರೀರಿ ಮೇಡಂ, ಅವರು ಬಗ್ಗಿಸಿ ಅಷ್ಟೇ ನೋಡ್ತಾರ," ಎಂದರು ಮ್ಯಾನೇಜರ್. ಚೀಲ ಏರಿಸಲು ಬಂದ ಅಪ್ಪ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡ.

"ಈ ವೈರು ಎಲ್ಲಿ ಹಾಕ್ತಾರವ್ವಾ?"

"ಮನಿ ಗ್ವಾಡ್ಯಾಗ, ಅಪ್ಪಾ."

ನಾನು ಉರಿ ಪರೀಕ್ಷೆಯಲ್ಲಿ ಫೇಲ್ ಎಂದು ಬರೆದು, ಸಹಿ ಹಾಕಿ, ಕೆಳಗೆ ಬಿ.ಎಸ್ಸಿ. ಎಂದು ಸೇರಿಸಿ, ಸರ್ಟಿಫಿಕೇಟನ್ನು ಮ್ಯಾನೇಜರ ಕೈಗೆ ಕೊಟ್ಟೆ. ಅಪ್ಪ ಹೆಗಲಿನ ಗೋಣಿತಟ್ಟು ತೆಗೆದು ಮಡಚಿದ.

"ಛಲೋ ಮಾಡ್ದಿ," ಎಂದ. "ನಾಳಿ ಮುಂಜಾನಿ ನನಗ ಎಬ್ಬಸಬ್ಯಾಡ."